ಆಕಾಶ ನೋಡುವ ಬಸ್ಸೂ ಆರ್ನುಲ್ಫನ ಜೌಗೂ

"ಉತ್ತರದ ಬೆಳಕಿನ ವಿಷಯದಲ್ಲಿ ನನಗೆ ಪಾಠ ಹೇಳೋ ಮನುಷ್ಯ ಇನ್ನೂ ಹುಟ್ಟಿಲ್ಲ!" ಎಂದು ಆರ್ನುಲ್ಫ್ ಅಡುಗೆಮನೆಯ ಮೇಜು ಗುದ್ದಿ ಘೋಷಿಸಿದ. ಕಾಫಿ ಲೋಟ ಹೆದರಿ ಒಂದು ಗೇಣು ಸರಿಯಿತು. ಅವನ ಹೆಂಡತಿ ಟೋರ್ಡಿಸ್ ಮಾತ್ರ ಕೂತಲ್ಲಿಂದ ಅಲುಗಲಿಲ್ಲ.

ಈ ಘೋಷಣೆಗೆ ಕಾರಣ ಚರ್ಚಿನ ಹಾಡುಗಾರರ ಸಂಘದ ಲಾಟರಿ. ಮೊದಲ ಬಹುಮಾನ, ಉಪ್ಪು ಹಾಕಿ ಒಣಗಿಸಿದ ಕುರಿಯ ತೊಡೆ. ಅದರ ಮೇಲೆ ಕಣ್ಣಿಟ್ಟು ಆರ್ನುಲ್ಫ್ ಹನ್ನೆರಡು ಚೀಟಿ ಕೊಂಡಿದ್ದ. ತೊಡೆ ಪಾದ್ರಿಗೆ ಬಂತು. ಪಾದ್ರಿ ಮಾಂಸ ತಿನ್ನುವುದಿಲ್ಲ! ಟೋರ್ಡಿಸ್ ಕೊಂಡಿದ್ದು ಒಂದೇ ಚೀಟಿ. ಅವಳಿಗೆ ಬಂದದ್ದು ಮೂರನೆಯ ಬಹುಮಾನ: "ಗೈಡಿನೊಂದಿಗೆ ಒಂದು ಸಂಜೆ. ಉತ್ತರದ ಬೆಳಕಿನ ದರ್ಶನ. ಇಬ್ಬರಿಗೆ. ಬಿಸಿ ಸೂಪು ಸಹಿತ."

"ನಮ್ಮನೆ ಮೆಟ್ಟಿಲ ಮೇಲೆ ಕಸದ ಚೀಲ ಹಿಡ್ಕೊಂಡು ನಿಂತ್ರೆ ರಾತ್ರಿ ಆಕಾಶದಲ್ಲಿ ಪುಕ್ಕಟೆ ಕುಣಿಯೋ ಬೆಳಕನ್ನ ಬಸ್ಸು ಹತ್ಕೊಂಡು ಹೋಗಿ ನೋಡ್ಬೇಕಾ?"

"ಹೌದು. ಮೆಟ್ಟಿಲ ಮೇಲೆ ನಿಂತಾಗ ನೀನು ಕಸದ ಬಗ್ಗೆನೇ ಮಾತಾಡ್ತೀಯ."

"ಊರಿನವರು ನೋಡಿದ್ರೆ ಏನಂದಾರು? ಇಪ್ಪತ್ತೊಂಬತ್ತು ವರ್ಷ ಈ ರಸ್ತೆಗಳಲ್ಲಿ ಹಿಮ ಸರಿಸಿದವನು ನಾನು. ಪ್ರವಾಸಿಗರ ಬಸ್ಸಲ್ಲಿ ಕೂತ್ಕೋಬೇಕಾ?"

"ಕೂತ್ಕೋಬೇಕು. ಕೂತ್ಕೊಂಡು ಬಾಯಿ ಮುಚ್ಚಿರಬೇಕು. ಗೈಡು ಏನೇ ಹೇಳ್ಲಿ, ತಿದ್ದಬಾರ್ದು."

"ಒಂದೇ ಒಂದು ಮಾತು ಆಡಲ್ಲ! ಬಂಡೆ ಹಾಗೆ ಕೂತಿರ್ತೀನಿ, ನೋಡು!"

ಟೋರ್ಡಿಸ್ ನಕ್ಕಳು. ನಗುವಿಗೆ ಕಾರಣವಿತ್ತು. ಆರ್ನುಲ್ಫ್ ಮಾತಿನ ಮಲ್ಲ, ಆದರೆ ಒಂದೇ ಒಂದು ವಿಷಯದಲ್ಲಿ ಅವನು ನಿಜಕ್ಕೂ ಬಂಡೆ. ಅದು ಮುಲ್ಟೆ.

ಮುಲ್ಟೆ ಎಂದರೆ ಆಗಸ್ಟಿನಲ್ಲಿ ಜೌಗು ನೆಲದಲ್ಲಿ ಹಣ್ಣಾಗುವ, ಚಿನ್ನದ ಬಣ್ಣದ, ಹುಳಿಸಿಹಿ ಹಣ್ಣು. ನಾರ್ವೆಯ ಈ ಉತ್ತರದ ಕರಾವಳಿಯಲ್ಲಿ ಜನ ತಮ್ಮ ಕಾಯಿಲೆಯ ಗುಟ್ಟು ಹೇಳುತ್ತಾರೆ, ಬ್ಯಾಂಕಿನ ಗುಟ್ಟು ಹೇಳುತ್ತಾರೆ, ಯಾರ ಮಗು ಯಾರದ್ದು ಎಂಬುದನ್ನೂ ಕಾಫಿಗೆ ಕರೆದು ಹೇಳುತ್ತಾರೆ. ಮುಲ್ಟೆ ಸಿಗುವ ಜಾಗವನ್ನು ಮಾತ್ರ ಯಾರೂ ಹೇಳುವುದಿಲ್ಲ. ಆರ್ನುಲ್ಫನಿಗೆ ಆ ಜಾಗ ಬಂದದ್ದು ಸೋದರತ್ತೆ ಹಿಲ್ಮಾಳಿಂದ. ಸಾಯುವ ದಿನ ಬೆಳಿಗ್ಗೆ ಆಕೆ ಅವನ ಕೈ ಹಿಡಿದುಕೊಂಡು ದಾರಿ ಹೇಳಿದಳು. "ಯಾರಿಗೂ ಹೇಳಬೇಡ, ಹೆಂಡತಿಗೂ" ಎಂದು ಮಾತು ತೆಗೆದುಕೊಂಡಳು. ಆಗ ಅವನ ಮದುವೆಯಾಗಿ ಒಂದು ವರ್ಷ.

ಅಲ್ಲಿಂದ ಮೂವತ್ತೊಂದು ವರ್ಷ! ಪ್ರತಿ ಆಗಸ್ಟಿನಲ್ಲೂ ಮೀನು ಹಿಡಿಯಲು ಹೋಗುತ್ತೇನೆಂದು ಹೊರಟು, ಊರನ್ನು ಎರಡು ಸುತ್ತು ಹಾಕಿ, ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮಾಯವಾಗುತ್ತಿದ್ದ. ಸಂಜೆ ಮೀನಿಲ್ಲದೆ, ಎರಡು ಬಕೆಟ್ ಮುಲ್ಟೆಯೊಂದಿಗೆ ಬರುತ್ತಿದ್ದ. ಟೋರ್ಡಿಸ್ ಜಾಮು ಮಾಡುತ್ತಿದ್ದಳು, ಕೇಳುತ್ತಿದ್ದಳು, ಉತ್ತರ ಬರುತ್ತಿರಲಿಲ್ಲ. ಪಿತ್ತಕೋಶದ ಆಪರೇಷನ್ನಿಗೆ ಅವನನ್ನು ಒಳಗೆ ತಳ್ಳಿಕೊಂಡು ಹೋಗುವಾಗ, "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆ ಜಾಗ?" ಎಂದು ಬಗ್ಗಿ ಕೇಳಿದ್ದಳು. ಅವನು ಕಣ್ಣು ಮುಚ್ಚಿಕೊಂಡ. ಆ ದಿನ ಅವಳಿಗೆ ನಿಜವಾಗಿಯೂ ನೋವಾಯಿತು. ಜೌಗು ಹೋಗಲಿ, ಸಾಯುವ ಗಳಿಗೆಯಲ್ಲೂ ತನ್ನನ್ನು ನಂಬದ ಗಂಡ ಸಿಕ್ಕನಲ್ಲ ಎಂದು. ಅದಾದ ಮೇಲೆ ಅವಳು ಕೇಳುವುದನ್ನೇ ಬಿಟ್ಟಳು.

ಅಕ್ಟೋಬರಿನ ಮೊದಲ ವಾರ, ಸಂಜೆ ಆರೂವರೆಗೆ ಬಸ್ಸು ಹೊರಟಿತು. ಪ್ರವಾಸಿಗರು ಮೂವತ್ತು ಜನ. ಎಲ್ಲರಿಗೂ ಕಂಪನಿಯವರು ಒಂದೇ ಥರದ ದಪ್ಪ ನಿಲುವಂಗಿ ತೊಡಿಸಿದ್ದರಿಂದ ಯಾರು ಜರ್ಮನಿ, ಯಾರು ಸಿಂಗಪುರ ಗೊತ್ತಾಗುತ್ತಿರಲಿಲ್ಲ. ಆರ್ನುಲ್ಫ್ ನಿಲುವಂಗಿಯ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ತಾನೂ ಸಿಂಗಪುರದವನಂತೆ ಕೂತ. ಆದರೆ ಸ್ಟಿಯರಿಂಗ್ ಹಿಡಿದು ಕೂತಿದ್ದವನು ಅವನ ದೊಡ್ಡಪ್ಪನ ಮಗ ಯೋಸ್ಟೈನ್!

"ಏನೋ ಆರ್ನುಲ್ಫ್, ಯಾವ ದೇಶದಿಂದ ಬಂದೆ?" ಎಂದು ಯೋಸ್ಟೈನ್ ಕನ್ನಡಿಯಲ್ಲೇ ಕೇಳಿದ.

"ಬಾಯಿ ಮುಚ್ಚಿ ಓಡ್ಸು."

ಗೈಡು ಪ್ರೆಬೆನ್ ಓಸ್ಲೋದವನು. ಇಲ್ಲಿಗೆ ಬಂದು ಎರಡು ಚಳಿಗಾಲವಾಗಿತ್ತು. ದಕ್ಷಿಣದವರು ಎಂದರೆ ಆರ್ನುಲ್ಫನಿಗೆ ಮೊದಲೇ ಅಷ್ಟಕ್ಕಷ್ಟೆ. ಇವನಂತೂ ಮೈಕು ಹಿಡಿದ ದಕ್ಷಿಣದವನು.

"ಇಲ್ಲಿ ಎರಡು ತಿಂಗಳು ಸೂರ್ಯ ಹುಟ್ಟುವುದೇ ಇಲ್ಲ. ಆಗ ಇಲ್ಲಿನ ಜನ ಮಂಕಾಗಿ ಮಾತನ್ನೇ ಬಿಡುತ್ತಾರೆ" ಎಂದ ಪ್ರೆಬೆನ್.

ಆರ್ನುಲ್ಫನ ಬಾಯಿ ತೆರೆಯಿತು. ಟೋರ್ಡಿಸ್ ಅವನ ತೊಡೆ ಚಿವುಟಿದಳು. ಬಾಯಿ ಮುಚ್ಚಿತು.

"ಬೆಳಕನ್ನು ನೋಡಿ ಸಿಳ್ಳೆ ಹಾಕಿದರೆ ಅದು ಕೆಳಗಿಳಿದು ಬಂದು ಎತ್ತಿಕೊಂಡು ಹೋಗುತ್ತದೆ ಎಂದು ಈ ಮುಗ್ಧ ಜನ ಇಂದಿಗೂ ನಂಬುತ್ತಾರೆ!"

ಆರ್ನುಲ್ಫ್ ಅದನ್ನೆಲ್ಲ ನಂಬುವವನಲ್ಲ. ಸಿಳ್ಳೆ ಹಾಕುವುದಿಲ್ಲ, ಅಷ್ಟೆ. ಮತ್ತೆ ಬಾಯಿ ತೆರೆಯಿತು, ಮತ್ತೆ ಚಿವುಟು, ಮತ್ತೆ ಮುಚ್ಚಿತು. ಅರ್ಧ ಗಂಟೆಯಲ್ಲಿ ಅವನ ಎಡತೊಡೆ ಮರಗಟ್ಟಿತು. ಮಾತು ಮಾತ್ರ ಮುರಿಯಲಿಲ್ಲ. ಹೆಮ್ಮೆಯಿಂದ ಹೆಂಡತಿಯ ಕಡೆ ನೋಡಿದ. ಅವಳು ಕಿತ್ತಳೆ ಹಣ್ಣು ಸುಲಿದು ಅರ್ಧ ಕೊಟ್ಟಳು. ಎಷ್ಟೋ ದಿನಗಳ ಮೇಲೆ ಇಬ್ಬರೂ ಹೀಗೆ ಒಂದೇ ಸೀಟಿನಲ್ಲಿ ಕೂತು ಎಲ್ಲಿಗೋ ಹೊರಟಿದ್ದರು.

ಕರಾವಳಿಯ ಉದ್ದಕ್ಕೂ ಮೋಡ. ಪ್ರೆಬೆನ್ ಫೋನು ನೋಡಿ, ಮೈಕು ಬಾಯಿಗೆ ಹತ್ತಿರ ಹಿಡಿದು, ದನಿ ತಗ್ಗಿಸಿದ. "ಗೆಳೆಯರೇ, ಈಗ ನಿಮ್ಮನ್ನು ಒಂದು ಗುಪ್ತ ಜಾಗಕ್ಕೆ ಕರೆದೊಯ್ಯುತ್ತೇನೆ. ಇದು ಇಲ್ಲಿನವರಿಗೂ ಗೊತ್ತಿಲ್ಲ!"

ಆರ್ನುಲ್ಫ್ ಒಳಗೊಳಗೇ ನಕ್ಕ. ತನಗೆ ಗೊತ್ತಿಲ್ಲದ ಜಾಗವೇ! ಬಸ್ಸು ಹಿಂದೆ ಹಾಲಿನ ಕ್ಯಾನು ಇಡುತ್ತಿದ್ದ ಹಳೆಯ ಕಟ್ಟೆಯ ಹತ್ತಿರ ಬಲಕ್ಕೆ ತಿರುಗಿತು. ನಗು ಅರ್ಧವಾಯಿತು. ಜಲ್ಲಿ ರಸ್ತೆಗೆ ಇಳಿಯಿತು. ನಗು ಪೂರ್ತಿ ನಿಂತಿತು. ರಸ್ತೆ ಇಲಾಖೆಯವರ ಮರಳಿನ ಗುಡ್ಡೆ ಹೆಡ್‌ಲೈಟಿನಲ್ಲಿ ಕಂಡಾಗ ಅವನು ಟೋಪಿ ಹಿಂದಕ್ಕೆ ತಳ್ಳಿ ಕಿಟಕಿಗೆ ಮುಖ ಒತ್ತಿದ. ಪ್ರತಿ ಆಗಸ್ಟಿನಲ್ಲೂ ಅವನು ಕಾರು ಬಚ್ಚಿಡುತ್ತಿದ್ದುದು ಆ ಗುಡ್ಡೆಯ ಹಿಂದೆ!

"ನಿಲ್ಸಿ! ಆ ಕಡೆ ಮೋಡ ಇದೆ!" ಬಂಡೆ ಎದ್ದು ನಿಂತು ಕೂಗಿತು.

"ಉಪಗ್ರಹದ ಪ್ರಕಾರ ಇಲ್ಲ" ಎಂದ ಪ್ರೆಬೆನ್ ನಯವಾಗಿ.

"ಸೇತುವೆ ಕುಸಿದಿದೆ! ನಾನು ಹಿಮದ ಗಾಡಿ ಓಡ್ಸೋನು, ನಂಗೊತ್ತು!"

"ಯಾವ ಸೇತುವೆನೋ? ಈ ದಾರೀಲಿ ಸೇತುವೆನೇ ಇಲ್ವಲ್ಲ" ಎಂದ ಯೋಸ್ಟೈನ್.

ಆರ್ನುಲ್ಫ್ ಕೊನೆಯ ಬಾಣ ಬಿಟ್ಟ. "ಅಲ್ಲಿ ಕರಡಿ ಇದೆ!"

ಇದನ್ನು ಪ್ರೆಬೆನ್ ಇಂಗ್ಲಿಷಿಗೆ ತಿರುಗಿಸಿದ್ದೇ ತಡ, ಬಸ್ಸಿನಲ್ಲಿ ಹರ್ಷೋದ್ಗಾರ! ಕರಡಿಯೂ ಉಂಟೇ? ಅದಕ್ಕೆ ಬೇರೆ ದುಡ್ಡು ಕೊಡಬೇಕೇ? ಅಲ್ಲಿಯವರೆಗೆ ನಿದ್ದೆ ಮಾಡುತ್ತಿದ್ದವರೂ ಕ್ಯಾಮೆರಾ ಕೈಗೆತ್ತಿಕೊಂಡರು. ಬೇಗ ಓಡಿಸಿ, ಬೇಗ ಓಡಿಸಿ ಎಂದು ಹಿಂದಿನ ಸೀಟಿನ ಜರ್ಮನರು ಯೋಸ್ಟೈನನಿಗೆ ದುಂಬಾಲು ಬಿದ್ದರು.

ಟೋರ್ಡಿಸ್ ಚಿವುಟುವುದನ್ನು ನಿಲ್ಲಿಸಿದ್ದಳು. "ನೀನ್ಯಾಕೆ ಹೀಗೆ ಬೆವರ್ತಿದ್ದೀಯ?" ಎಂದು ಕೇಳಿದಳು.

"ಬಟ್ಟೆ ದಪ್ಪ."

"ಹೂಂ" ಎಂದಳು.

ಎಂಟು ಗಂಟೆಗೆ ಬಸ್ಸು ನಿಂತಿತು. ಆರ್ನುಲ್ಫನ ಜೌಗಿನ ಅಂಚಿಗೇ, ಸರಿಯಾಗಿ ಅಂಚಿಗೇ ನಿಂತಿತು. ಮೇಲೆ ಆಕಾಶ ಸ್ವಚ್ಛ. ಜನ ಇಳಿಯುವಷ್ಟರಲ್ಲಿ ಬೆಟ್ಟದ ಹಿಂದಿನಿಂದ ಹಸಿರು ಪಟ್ಟಿಯೊಂದು ಎದ್ದು, ಅಗಲವಾಗಿ, ಒಣಹಾಕಿದ ಪರದೆಯ ಹಾಗೆ ಆಕಾಶದ ತುಂಬ ಬಳುಕತೊಡಗಿತು. ಅಂಚಿನಲ್ಲಿ ಗುಲಾಬಿ ಬಣ್ಣ. ಜನರ ಬಾಯಿಂದ ನಾನಾ ಭಾಷೆಯ ನಿಟ್ಟುಸಿರು! ಮೂವತ್ತು ಜನ ಆಕಾಶ ನೋಡುತ್ತಿದ್ದರು. ಆರ್ನುಲ್ಫ್ ಒಬ್ಬನೇ ಆ ಮೂವತ್ತು ಜನರ ಕಾಲು ನೋಡುತ್ತಿದ್ದ. ಯಾರ ಬೂಟು ಯಾವ ಗಿಡದ ಮೇಲೆ ಬಿತ್ತೆಂದು ಬೆರಳು ಮಡಚಿ ಲೆಕ್ಕ ಇಡುತ್ತಿದ್ದ.

ಪೋರ್ಚುಗಲ್ಲಿನ ಹೆಂಗಸೊಬ್ಬಳು ಚೆನ್ನಾಗಿ ಫೋಟೋ ಬರಲೆಂದು ಕ್ಯಾಮೆರಾದ ಮುಕ್ಕಾಲಿ ಹಿಡಿದು ಮುಂದೆ ಮುಂದೆ ನಡೆದಳು. ಆಕಾಶ ನೋಡುತ್ತಲೇ ನಡೆದಳು. ನೋಡುತ್ತಲೇ ಮೊಣಕಾಲಿನವರೆಗೆ ಇಳಿದಳು.

"ಯಾರೂ ಗಾಬರಿಯಾಗಬೇಡಿ!" ಎಂದು ಪ್ರೆಬೆನ್ ಅವಳ ಕಡೆ ಓಡಿದ. ನಾಲ್ಕು ಹೆಜ್ಜೆಗೆ ಅವನೂ ಸೊಂಟದವರೆಗೆ ಇಳಿದ. "ಈಗ ಸ್ವಲ್ಪ ಗಾಬರಿಯಾಗಬಹುದು!" ಎಂದು ಅಲ್ಲಿಂದಲೇ ತಿದ್ದಿಕೊಂಡ.

ಕೆಸರು ಹಿಮದಷ್ಟು ತಣ್ಣಗಿತ್ತು. ಹೆಂಗಸು ಅಳತೊಡಗಿದಳು. ಯಾರಿಗೂ ಕಾಲಿಡಲು ಧೈರ್ಯವಿಲ್ಲ; ಗಟ್ಟಿ ನೆಲ ಯಾವುದು, ಗುಂಡಿ ಯಾವುದು ಆ ಕತ್ತಲಲ್ಲಿ ಯಾರಿಗೆ ಗೊತ್ತು? ಅಲ್ಲಿದ್ದವರಲ್ಲಿ ಒಬ್ಬನಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಅವನು ಅತ್ತೆಗೆ ಕೊಟ್ಟ ಮಾತನ್ನು ನೆನೆದ. ಹೆಂಡತಿಯ ಮುಖ ನೋಡಿದ. ಹೆಂಗಸಿನ ಹಲ್ಲು ಕಟಕಟ ಎನ್ನುವುದು ಕೇಳಿಸಿತು.

"ಥೂ!" ಎಂದು ಒಮ್ಮೆ ಉಗುಳಿ ಆರ್ನುಲ್ಫ್ ನಡೆದ. ಟಾರ್ಚು ಕೂಡ ಹಾಕಲಿಲ್ಲ. ಜುನಿಪರ್ ಪೊದೆಯೊಳಗೆ ಕೈ ಹಾಕಿ ಎರಡು ಉದ್ದನೆಯ ಹಲಗೆ ಎಳೆದ. "ಎಡಕ್ಕೆ ಬಾರಮ್ಮ, ಎಡಕ್ಕೆ! ಅಲ್ಲಿ ಕಲ್ಲಿದೆ. ಬಲಗಡೆ ಬೇಡ, ಅದು ಊಟೆ, ನುಂಗುತ್ತೆ! ಪ್ರೆಬೆನ್, ಒದ್ದಾಡಬೇಡ್ವೋ, ಆ ಡೊಂಕು ಮರ ಹಿಡ್ಕೋ. ನಿನ್ನ ಹಿಂದೆ, ಹಿಂದೆ! ಬೇರು ಗಟ್ಟಿ ಇದೆ, ಪ್ರತಿ ವರ್ಷ ನಾನೇ ಹಿಡ್ಕೊಳ್ಳೋದು!"

ಹತ್ತು ನಿಮಿಷದಲ್ಲಿ ಇಬ್ಬರೂ ಮೇಲೆ ಬಂದರು. ಜನ ಚಪ್ಪಾಳೆ ತಟ್ಟಿದರು. ಆರ್ನುಲ್ಫ್ ಮತ್ತು ಹಲಗೆಗಳ ಫೋಟೋ ತೆಗೆದರು. ತೆಗೆದ ಪ್ರತಿ ಫೋಟೋದ ಜೊತೆಗೂ ಜಾಗದ ನಕ್ಷೆ ತಾನಾಗಿಯೇ ದಾಖಲಾಗುತ್ತದೆಂದು ಸಿಂಗಪುರದ ಗಂಡಹೆಂಡತಿ ಸಂತೋಷದಿಂದ ತೋರಿಸಿದರು. ಕಳಿಸಿದ ಫೋಟೋವನ್ನು ಅವರ ಮಗಳು ಸಿಂಗಪುರದಲ್ಲಿ ಕೂತು ಆಗಲೇ ಮೆಚ್ಚಿಯೂ ಆಗಿತ್ತು.

ವಾಪಸ್ಸು ಬರುವಾಗ ಗಂಡಹೆಂಡತಿ ಮುಂದಿನ ಸೀಟಿನಲ್ಲಿ ಕೂತರು. ಪಕ್ಕದಲ್ಲಿ ಪ್ರೆಬೆನ್ ಕಂಬಳಿ ಸುತ್ತಿಕೊಂಡು ಸೂಪು ಹೀರುತ್ತಿದ್ದ. ಹಾಲಿನ ಕಟ್ಟೆ ದಾಟಿದ ಮೇಲೆ ಟೋರ್ಡಿಸ್ ಶುರು ಮಾಡಿದಳು.

"ಒಳ್ಳೆ ಹಲಗೆ."

"ಯಾರೋ ಬಿಟ್ಟು ಹೋಗಿದ್ರು ಅನ್ಸುತ್ತೆ."

"ನಮ್ಮ ಶೆಡ್ಡಿನ ಹಸಿರು ಬಣ್ಣ ಹಚ್ಚಿ ಬಿಟ್ಟು ಹೋಗಿದ್ರಾ?"

ಆರ್ನುಲ್ಫ್ ಸೋತ. ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡ. "ಅತ್ತೆ ಕೈ ಹಿಡ್ಕೊಂಡು ಮಾತು ತಗೊಂಡಿದ್ಲು, ಟೋರ್ಡಿಸ್. ಸಾಯೋರಿಗೆ ಕೊಟ್ಟ ಮಾತು. ನನ್ನೊಬ್ಬನಿಗೇ ಹೇಳಿದ್ಲು. ಲೋಕದಲ್ಲಿ ಇನ್ಯಾರಿಗೂ ಗೊತ್ತಿರ್ಲಿಲ್ಲ. ಈ ದಕ್ಷಿಣದ ಪ್ರಾಣಿಗೆ ಹೇಗೆ ಗೊತ್ತಾಯ್ತೋ!"

"ನನಗೆ ಯೋಸ್ಟೈನ್ ತೋರಿಸಿದ್ದು" ಎಂದ ದಕ್ಷಿಣದ ಪ್ರಾಣಿ, ಸೂಪಿನಿಂದ ಮುಖವೆತ್ತಿ.



"ಯೋಸ್ಟೈನ್, ನಿಂಗೆ ಯಾರು ಹೇಳಿದ್ದು?" ಆರ್ನುಲ್ಫ್ ಚಾಲಕನ ಸೀಟಿನ ಬೆನ್ನು ಹಿಡಿದು ಕೇಳಿದ.

"ಹಿಲ್ಮಾ ಅತ್ತೆ. ಸಾಯೋಕೆ ಒಂದು ವಾರ ಮುಂಚೆ. ಯಾರಿಗೂ ಹೇಳಬೇಡ ಅಂತ ಕೈ ಹಿಡ್ಕೊಂಡ್ಲು" ಎಂದ ಯೋಸ್ಟೈನ್ ರಸ್ತೆ ನೋಡುತ್ತಲೇ. "ಅಕ್ಟೋಬರಲ್ಲಿ ಹಣ್ಣಿರಲ್ಲ, ಆಗಸ್ಟಲ್ಲಿ ಈ ಬಸ್ಸಿರಲ್ಲ ಅಂತ ಇವನಿಗೆ ತೋರ್ಸಿದೆ. ಅಂದ ಹಾಗೆ, ಆ ಹಲಗೆ ನಿಂದಾ? ಹನ್ನೆರಡು ವರ್ಷದಿಂದ ಬಳಸ್ತಿದ್ದೀನಿ. ಅರಣ್ಯದವರು ಹಾಕಿದ್ದು ಅಂದ್ಕೊಂಡಿದ್ದೆ. ಬಹಳ ಅನುಕೂಲ ಕಣೋ!"

"ನಾನು ಪ್ರತಿ ವರ್ಷ ಜೌಗಲ್ಲಿ ಕಾಣ್ತಿದ್ದ ಹೆಜ್ಜೆಗಳನ್ನ ಕಡವೇದು ಅಂದ್ಕೊಂಡಿದ್ನಲ್ಲೋ!"

"ಕೆಲವು ನಂದು. ಕೆಲವು ನಮ್ಮ ತಂಗಿ ಮ್ಯಾಗ್ನ್‌ಹಿಲ್ಡಂದು. ಅವಳಿಗೂ ಅತ್ತೆ ಹೇಳಿದ್ಲಲ್ಲ, ನನಗಿಂತ ಮುಂಚೆನೇ."

ಟೋರ್ಡಿಸ್ ಮುಂದಕ್ಕೆ ಬಗ್ಗಿದಳು. "ಯೋಸ್ಟೈನ್, ನಿನ್ನ ಹೆಂಡ್ತಿಗೆ ಗೊತ್ತಾ?"

"ಅವತ್ತೇ ಹೇಳ್ದೆ. ಬಕೆಟ್ ಹೊರೋಕೆ ಜನ ಬೇಡ್ವಾ?"

"ಮ್ಯಾಗ್ನ್‌ಹಿಲ್ಡ್ ಗಂಡಂಗೆ?"

"ಕಾರು ಓಡಿಸೋನೇ ಅವನು!"

ಟೋರ್ಡಿಸ್ ಹಿಂದಕ್ಕೆ ಒರಗಿ ಕೂತಳು. ಹಿಂದಿನ ಸೀಟುಗಳಲ್ಲಿ ಮೂವತ್ತು ಫೋನುಗಳು ಮಿನುಗುತ್ತಿದ್ದವು. ಅವಳು ಕೋಪ ಮಾಡಲಿಲ್ಲ, ಅಳಲಿಲ್ಲ. ಗಂಡನ ಕೆಸರು ಮೆತ್ತಿದ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡು, ಕರವಸ್ತ್ರದಿಂದ ಒಂದೊಂದೇ ಬೆರಳು ಒರೆಸುತ್ತ ಹೇಳಿದಳು:

"ಮೂವತ್ತೊಂದು ವರ್ಷ ನೀನು ಈ ಗುಟ್ಟು ಕಾಪಾಡಿದ್ದು ಇಡೀ ಲೋಕದಲ್ಲಿ ಒಬ್ಬಳಿಂದ ಮಾತ್ರ, ಆರ್ನುಲ್ಫ್."