ಕೈ ಮುಗಿದ ತಪ್ಪಿಗೆ ಮೂರು ತಿಂಗಳು

ಐವತ್ತೆರಡನೆಯ ವಯಸ್ಸಿನಲ್ಲಿ ನನಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತು. ಅದೂ ಮೊದಲ ಪರೀಕ್ಷೆಯಲ್ಲೇ! ಇದು ನನ್ನ ಜಾಣತನ ಎಂದು ಹೇಳುವ ಅಹಂಕಾರ ನನಗಿಲ್ಲ. ಎಲ್ಲ ದೇವಿಯ ದಯೆ. ಆದರೆ ದೇವಿಗೆ ನಾನೂ ಸ್ವಲ್ಪ ಸಹಕಾರ ಕೊಟ್ಟಿದ್ದೆ. ಸಂಚಾರ ನಿಯಮಗಳ ಪುಸ್ತಕವನ್ನು ಸಂಜೆ ದೀಪ ಹಚ್ಚಿದ ಮೇಲೆ ದೇವರ ಕೋಣೆಯಲ್ಲಿ ಕೂತು, ದಿನಕ್ಕೊಂದು ಅಧ್ಯಾಯದಂತೆ ಪಾರಾಯಣ ಮಾಡಿದ್ದೆ. ಮುಗಿದ ದಿನ ಪಾಯಸವನ್ನೂ ಮಾಡಿದ್ದೆ.

ಮೆಲ್ಕಾರಿನ ನಮ್ಮ ಮನೆಯಲ್ಲಿ ಕಾರು ಮೊದಲೇ ಇತ್ತು. ಓಡಿಸುವವರು ಇರಲಿಲ್ಲ. ನಮ್ಮವರು ಗಲ್ಫಿನಲ್ಲಿ ಇಪ್ಪತ್ತು ವರ್ಷ ರಸ್ತೆಯ ಬಲಬದಿಯಲ್ಲಿ ಕಾರು ಓಡಿಸಿ ಬಂದವರು. ಊರಿಗೆ ಬಂದ ಮೊದಲ ವಾರವೇ ಅಭ್ಯಾಸಬಲದಿಂದ ಬಲಕ್ಕೆ ಹೋಗಿ, ಒಂದು ಬಸ್ಸಿಗೆ ಮುಖಾಮುಖಿಯಾಗಿ ನಿಂತರು. ಬಸ್ಸಿನವನು ಹೇಳಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಂದಿನಿಂದ ಕಾರಿನ ಕೀಲಿಕೈ ದೇವರ ಪಟದ ಹಿಂದೆ ಸೇರಿತು.

ನಾನು ಕಲಿತದ್ದು ನೆರಿಯದಲ್ಲಿರುವ ನನ್ನ ದೊಡ್ಡಕ್ಕನಿಗಾಗಿ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊನ್ನೆ ಬೆಕ್ಕು ಮಲಗಿದೆ ಎಂದುಕೊಂಡು ತೆಂಗಿನಕಾಯಿ ಸಿಪ್ಪೆಯ ಮುಂದೆ ಹಾಲಿಟ್ಟು, "ಕುಡಿ ಮಗಾ" ಎಂದು ಕಾಲು ಗಂಟೆ ಉಪಚಾರ ಮಾಡಿದ್ದಳಂತೆ. ಮೂಡುಬಿದಿರೆಯ ಡಾಕ್ಟರು ಎರಡು ಸಲ ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಎರಡು ಸಲವೂ ಇವಳು ಹೋಗಲಿಲ್ಲ.

"ಬಸ್ಸಿನಲ್ಲಿ ನನಗೆ ವಾಂತಿ ಬರ್ತದೆ ವಾರಿಜಾ. ನಿನ್ನ ಕಾರು ಬಂದ್ರೆ ಬರ್ತೇನೆ. ಇಲ್ಲದಿದ್ರೆ ಹೀಗೇ ತಡಕಾಡಿಕೊಂಡು ಇರ್ತೇನೆ" ಎಂದು ಖಡಾಖಂಡಿತ ಹೇಳಿದಳು.

ಇನ್ನು ತಡ ಮಾಡಿದರೆ ಕಷ್ಟ ಎಂದು ಡಾಕ್ಟರು ಎಚ್ಚರಿಸಿ ಗುರುವಾರಕ್ಕೆ ಮೂರನೇ ದಿನ ಕೊಟ್ಟರು. ಬುಧವಾರ ಅವಳನ್ನು ಕಾರಿನಲ್ಲಿ ನಮ್ಮಲ್ಲಿಗೆ ಕರೆತಂದು, ಗುರುವಾರ ಬೆಳಿಗ್ಗೆ ಮೂಡುಬಿದಿರೆಗೆ ಮುಟ್ಟಿಸುವುದೆಂದು ನಾನು ಮಾತು ಕೊಟ್ಟೆ.

ಅದಕ್ಕೆ ಭಾನುವಾರ ನೆರಿಯದ ದಾರಿಯಲ್ಲಿ ಪೂರ್ವಾಭ್ಯಾಸ! ನಮ್ಮವರು ಎಡಬದಿಯ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. ಮಡಂತ್ಯಾರು ದಾಟಿತು. ಒಂದು ತಪ್ಪೂ ಆಗಲಿಲ್ಲ. ಮುಂದೆ ರಸ್ತೆಬದಿಯಲ್ಲಿ ಹಂದಿರೂಪದ ಪಂಜುರ್ಲಿ ದೈವದ ಕಾಣಿಕೆ ಡಬ್ಬಿ ಕಂಡಿತು.

ಚಿಕ್ಕಂದಿನಿಂದ ಆ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡಿದವಳು ನಾನು. ಆ ಡಬ್ಬಿ ಬಂದಾಗ ಮಾತು ನಿಲ್ಲಿಸುವುದು, ಕಣ್ಣು ಮುಚ್ಚುವುದು, ಕೈ ಮುಗಿಯುವುದು. ನಲವತ್ತು ವರ್ಷದ ಅಭ್ಯಾಸ. ಮೂರು ತಿಂಗಳ ಡ್ರೈವಿಂಗ್ ಅದರ ಮುಂದೆ ಯಾವ ಲೆಕ್ಕ?

ನಾನು ಕಣ್ಣು ಮುಚ್ಚಿ ಕೈ ಮುಗಿದೆ. ಎರಡೂ ಕೈ!

ಕಾರು ನನಗಿಂತ ಹೆಚ್ಚು ಭಕ್ತಿಯಿಂದ ಎಡಕ್ಕೆ ಬಾಗಿ, ನೇರವಾಗಿ ಡಬ್ಬಿಯ ಬಳಿಗೇ ಹೋಯಿತು. ಧಡ್! ಎಡಗಡೆಯ ಹೆಡ್‌ಲೈಟ್ ಪುಡಿಯಾಯಿತು. ಬಂಪರ್ ಚಕ್ರಕ್ಕೆ ಕಚ್ಚಿಕೊಂಡಿತು. ಡಬ್ಬಿಯ ಕಂಬ ವಾಲಿತು. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ಪುಣ್ಯ. ಆಚೆಬದಿಯಲ್ಲಿ ಎಳನೀರು ಮಾರುತ್ತಿದ್ದ ಕಾಕ ಕತ್ತಿ ಹಿಡಿದುಕೊಂಡೇ ಓಡಿ ಬಂದರು.

"ಎಂಥದಕ್ಕಾ ಇದು? ಕಾಣಿಕೆ ಹಾಕ್ಲಿಕ್ಕೆ ಇಳಿದು ಬರ್ಬೇಕು. ಕಾರೇ ಹಾಕುವ ಕ್ರಮ ಇಲ್ಲ!"

ನಮ್ಮವರು ಒಂದೇ ಮಾತು ಹೇಳಿದರು. "ನಾನು ಬಲಕ್ಕೆ ಹೋದ್ರೂ ಕಣ್ಣು ಬಿಟ್ಟುಕೊಂಡು ಹೋಗಿದ್ದೆ ಮಾರಾಯ್ತಿ."

ಕಾರು ಮಡಂತ್ಯಾರಿನ ಗ್ಯಾರೇಜಿಗೆ ಸೇರಿತು. ಬುಧವಾರದೊಳಗೆ ಸರಿ ಮಾಡಿ ಕೊಡುತ್ತೇನೆ, ಇನ್ಶೂರೆನ್ಸಿನವರ ಒಪ್ಪಿಗೆ ಬಂದರೆ ಸಾಕು ಎಂದ ಗ್ಯಾರೇಜಿನವನು. ಸೋಮವಾರ ಬೆಳಿಗ್ಗೆ ನಮ್ಮ ಏಜೆಂಟ್ ಹರೀಶ ಫಾರಂ ಹಿಡಿದುಕೊಂಡು ಮನೆಗೆ ಬಂದ. ಅದರಲ್ಲಿ 'ಅಪಘಾತ ಹೇಗಾಯಿತು?' ಎಂಬ ಪ್ರಶ್ನೆಗೆ ಎರಡು ಗೆರೆ ಜಾಗವಿತ್ತು.

"ದನ ಅಡ್ಡ ಬಂತು ಅಂತ ಬರೀರಿ ಅಕ್ಕಾ. ಫೋಟೋ ನೋಡಿ ಇವತ್ತೇ ಪಾಸ್ ಮಾಡ್ತಾರೆ."

"ಗೋಮಾತೆಯ ಮೇಲೆ ಸುಳ್ಳು ಆರೋಪವಾ ಹರೀಶಾ?"

"ಸರಿ, ನಾಯಿ ಅಂತ ಬರೀರಿ."

"ಭೈರವನ ವಾಹನ."

"ನವಿಲು? ಈಗ ಎಲ್ಲ ಕಡೆ ಉಂಟಲ್ಲ."

"ಸುಬ್ರಹ್ಮಣ್ಯ ದೇವರು ಬಿಟ್ಟಾರಾ?"

"ಹಾಗಾದ್ರೆ ಕಾಡುಹಂದಿ!"

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ. ಪಂಜುರ್ಲಿಯ ಡಬ್ಬಿಗೇ ಗುದ್ದಿ, ಹಂದಿಯ ಮೇಲೆ ಹಾಕುವುದಾ?"

ಹರೀಶ ಪೆನ್ನು ಕೆಳಗಿಟ್ಟ. "ಯಾವ ಪ್ರಾಣಿಗೆ ದೇವರಿಲ್ಲ ಅಂತ ನೀವೇ ಹೇಳಿಬಿಡಿ ಅಕ್ಕಾ."

"ಇನ್ಶೂರೆನ್ಸ್ ಏಜೆಂಟರಿಗೆ" ಎಂದರು ನಮ್ಮವರು ಪೇಪರಿನ ಹಿಂದಿನಿಂದ.

ನಾನು ಸತ್ಯವನ್ನೇ ಬರೆದೆ. ಎರಡು ಗೆರೆಯಲ್ಲಿ ಸತ್ಯ ಹಿಡಿಸಲಿಲ್ಲ. ನಾಲ್ಕು ಪುಟ ಬೇರೆ ಲಗತ್ತಿಸಿದೆ. ಬಾಲ್ಯದ ಬಸ್ಸು, ನಲವತ್ತು ವರ್ಷದ ಅಭ್ಯಾಸ, ಕಣ್ಣು ಮುಚ್ಚಿದ್ದು, ಎರಡೂ ಕೈ ಬಿಟ್ಟದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ನಷ್ಟ ಹೊಂದಿದ ಮೂರನೆಯವರ ಹೆಸರು ಎಂಬಲ್ಲಿ 'ದೈವ' ಎಂದು ಬರೆದೆ. ವಿಳಾಸ: 'ಸರ್ವತ್ರ'.

ಸಂಜೆ ಇನ್ಶೂರೆನ್ಸಿನ ಸರ್ವೇಯರ್ ಫೋನ್ ಮಾಡಿದರು.

"ಅಮ್ಮಾ, ಎರಡೂ ಕೈ ಬಿಟ್ಟದ್ದು ಸತ್ಯವಾ?"

"ಒಂದೇ ಕೈಯಲ್ಲಿ ಮುಗಿಯುವ ಕ್ರಮ ಇಲ್ಲವಲ್ಲ?"

"ನೀವು ಹೀಗೆ ಬರೆದದ್ದನ್ನು ಪೊಲೀಸರು ಓದಿದ್ರೆ ಲೈಸೆನ್ಸ್ ಮೂರು ತಿಂಗಳು ಸಸ್ಪೆಂಡ್ ಆದೀತು, ಗೊತ್ತುಂಟಾ?"

ಅವರು ತಮಾಷೆಗೆ ಹೇಳಿದರೋ ಏನೋ, ನಾನು ಮಾತ್ರ ನಿಯಮ ಪುಸ್ತಕ ತೆಗೆದೆ. ಇದ್ದದ್ದು ನಿಜ! ಅಪಾಯಕಾರಿ ಚಾಲನೆಗೆ ಲೈಸೆನ್ಸ್ ಅಮಾನತು. ಮೂರು ತಿಂಗಳು ಹೋಗಲಿ, ಮಾಡಿದ್ದನ್ನು ಉಣ್ಣಬೇಕು. ಆದರೆ ದೊಡ್ಡಕ್ಕನ ಕಣ್ಣು? ರಾತ್ರಿಯ ಪ್ರಾರ್ಥನೆಯಲ್ಲಿ ನನಗೊಂದು ಉಪಾಯ ಹೊಳೆಯಿತು. ದೇವಿ ಹೊಳೆಯಿಸಿದಳೆಂದೇ ಆಗ ನಂಬಿದ್ದೆ. ಈಗ ಅವಳ ಹೆಸರು ಎತ್ತುವುದಿಲ್ಲ.

ಮಂಗಳವಾರ ಬಸ್ಸು ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ ಲೈಸೆನ್ಸ್ ಸಮೇತ ಅರ್ಜಿ ಕೊಟ್ಟೆ. 'ವಿಷಯ: ನನ್ನ ಚಾಲನಾ ಪರವಾನಗಿಯನ್ನು ಮೂರು ತಿಂಗಳ ಮಟ್ಟಿಗೆ ಅಮಾನತಿನಲ್ಲಿಡುವ ಬಗ್ಗೆ. ಮಾನ್ಯರೇ, ಸದರಿ ಅಮಾನತನ್ನು ದಯವಿಟ್ಟು ಶುಕ್ರವಾರದಿಂದ ಆರಂಭಿಸಬೇಕಾಗಿ ವಿನಂತಿ. ಬೆಳಿಗ್ಗೆ ಹತ್ತೂವರೆಯೊಳಗಾದರೆ ಉತ್ತಮ, ಅನಂತರ ರಾಹುಕಾಲ.'

ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿ, ಪಕ್ಕದ ಮೇಜಿನವರಿಗೂ ಓದಿಸಿ, ನನ್ನನ್ನು ಸಾಹೇಬರ ಕೋಣೆಗೆ ಕಳಿಸಿದರು. ಸಾಹೇಬರು ಕನ್ನಡಕ ತೆಗೆದರು.

"ಇಲ್ಲಿಗೆ ಎಲ್ಲರೂ ಸಸ್ಪೆಂಡ್ ಮಾಡ್ಬೇಡಿ ಅಂತ ಬರ್ತಾರೆ. ಮಾಡಿ ಅಂತ ಬಂದದ್ದು ನೀವೇ ಮೊದಲು. ಪೊಲೀಸ್ ವರದಿ ಉಂಟಾ?"

"ಇಲ್ಲ."

"ಯಾರಿಗಾದ್ರೂ ಗಾಯ ಆಗಿದೆಯಾ?"

"ಡಬ್ಬಿಗೆ."

"ಡಬ್ಬಿ ದೂರು ಕೊಟ್ಟಿದೆಯಾ?"

"ದೈವ ಕೊಡುವುದಾದ್ರೆ ನೇರವಾಗಿ ನನಗೇ ಕೊಡ್ತದೆ ಸರ್."

"ಹಾಗಾದ್ರೆ ಅದು ನಮ್ಮ ಇಲಾಖೆಗೆ ಬರುವುದಿಲ್ಲ. ವರದಿ ಬರ್ಬೇಕು, ನಾವು ನೋಟಿಸ್ ಕೊಡ್ಬೇಕು, ನಿಮ್ಮ ಹೇಳಿಕೆ ಕೇಳ್ಬೇಕು..."

"ಹೇಳಿಕೆಯ ನಕಲು ತಂದಿದ್ದೇನೆ. ನಾಲ್ಕು ಪುಟ."

ಸಾಹೇಬರು ಆ ಪುಟಗಳನ್ನು ಮುಟ್ಟಲಿಲ್ಲ. ಲೈಸೆನ್ಸನ್ನು ಎರಡೂ ಕೈಯಲ್ಲಿ ನನಗೇ ಹಿಂದೆ ಕೊಟ್ಟರು. "ದೈವಕ್ಕೆ ಮನಸ್ಸಿನಲ್ಲೇ ಕೈ ಮುಗಿಯಿರಿ ಅಮ್ಮಾ. ಸ್ಟೇರಿಂಗಿನಿಂದ ಕೈ ತೆಗೀಬೇಡಿ."

ಗೆದ್ದೆ! ಮನೆಗೆ ಬಂದು ಲೈಸೆನ್ಸನ್ನು ದೇವಿಯ ಪಾದದಲ್ಲಿಟ್ಟು ತುಪ್ಪದ ದೀಪ ಹಚ್ಚಿದೆ. ದೀಪ ಆರುವ ಮೊದಲೇ ಗ್ಯಾರೇಜಿನವನ ಫೋನ್ ಬಂತು.

"ಅಕ್ಕಾ, ಕಾರು ನಾಳೆ ಆಗುವುದಿಲ್ಲ. ಸರ್ವೇಯರ್ ಬಂದು ನೋಡುವವರೆಗೆ ಮುಟ್ಟಬಾರದಂತೆ. ನೀವು ಡಬ್ಬಿಯ ವಿಷಯ ಬರೆದಿದ್ದೀರಂತಲ್ಲ, ಡಬ್ಬಿಯನ್ನೂ ನೋಡ್ಬೇಕಂತೆ. ಶುಕ್ರವಾರ ಬರ್ತಾರಂತೆ."

"ದನ ಅಂತ ಬರೆದಿದ್ದರೆ?"

"ನಿನ್ನೆಯೇ ಕೆಲಸ ಶುರು ಮಾಡ್ತಿದ್ದೆ."

ನಮ್ಮವರು ಪೇಪರ್ ಮಡಚಿದರು. "ಅಂತೂ ಲೈಸೆನ್ಸ್ ಉಳಿಯಿತು. ಕಾರು ಸಸ್ಪೆಂಡ್!"

ಬಾಡಿಗೆ ಕಾರು ಮಾಡುವ ಎಂದರೆ ದೊಡ್ಡಕ್ಕನಿಗೆ ಗುರುತಿಲ್ಲದ ಡ್ರೈವರನ ಕಾರೆಂದರೆ ಬಸ್ಸಿಗಿಂತ ಹೆಚ್ಚು ಹೆದರಿಕೆ. ಮೂರನೇ ದಿನವೂ ತಪ್ಪುತ್ತದೆ ಎಂದು ಅಳುತ್ತಾ ಅವಳಿಗೆ ಫೋನ್ ಮಾಡಿ, ಡಬ್ಬಿಯಿಂದ ಆರ್‌ಟಿಒವರೆಗೆ ಎಲ್ಲ ಹೇಳಿಬಿಟ್ಟೆ. ಆ ಕಡೆ ಅವಳು ನಕ್ಕು ನಕ್ಕು ಉಸಿರು ಕಟ್ಟಿಕೊಂಡಿದ್ದಳು!

"ದನ, ನಾಯಿ, ನವಿಲು... ಅಯ್ಯೋ ವಾರಿಜಾ! ನಿನ್ನ ಕಾರಿನಲ್ಲಿ ಕೂರುವುದಕ್ಕಿಂತ ವಾಂತಿಯೇ ವಾಸಿ. ನಾಳೆ ಬಾ, ಬಸ್ಸಿನಲ್ಲೇ ಹೋಗುವ."

ಬುಧವಾರ ಬಸ್ಸಿನಲ್ಲೇ ಹೋಗಿ, ಬಸ್ಸಿನಲ್ಲೇ ಅವಳನ್ನು ಕರೆತಂದೆ. ಕೈಯಲ್ಲಿ ಲಿಂಬೆಹಣ್ಣು, ಮಡಿಲಲ್ಲಿ ವಾಂತಿಗೆ ಪ್ಲಾಸ್ಟಿಕ್ ತೊಟ್ಟೆ, ಬಾಯಲ್ಲಿ ದೇವರ ನಾಮ, ಎಲ್ಲ ಸಿದ್ಧವಾಗಿತ್ತು. ಒಂದೂ ಬೇಕಾಗಲಿಲ್ಲ. ದಾರಿಯುದ್ದಕ್ಕೂ ಅವಳಿಗೆ ನನ್ನ ಕತೆ ನೆನಪಾಗಿ ನಗು ಬರುತ್ತಿತ್ತು, ವಾಂತಿಗೆ ಪುರುಸೊತ್ತೇ ಸಿಗಲಿಲ್ಲ. ಮರುದಿನ ಆಪರೇಷನ್ ಹೂವೆತ್ತಿದ ಹಾಗೆ ಮುಗಿಯಿತು. ಈಗ ಅವಳಿಗೆ ಬೆಕ್ಕು ಯಾವುದು, ಸಿಪ್ಪೆ ಯಾವುದು ಎಂದು ಸ್ಪಷ್ಟವಾಗಿ ಕಾಣುತ್ತದೆ. ಇದಕ್ಕಿಂತ ಹೆಚ್ಚು ನಾನೇನು ಬೇಡಲಿ?

ಆದರೆ ಬುಧವಾರದ ಆ ಬಸ್ಸಿನ ಒಂದು ಸಂಗತಿಯನ್ನು ಮುಚ್ಚಿಟ್ಟರೆ ನನ್ನ ನಾಲ್ಕು ಪುಟದ ಸತ್ಯಕ್ಕೆ ಬೆಲೆ ಇಲ್ಲ.

ಮಡಂತ್ಯಾರು ಹತ್ತಿರವಾಗುತ್ತಿದ್ದಂತೆ ಡ್ರೈವರ್ ಒಂದು ಸಣ್ಣ ಹಾರ್ನ್ ಹಾಕಿದ. ಬಸ್ಸಿನ ತುಂಬ ಕೈಗಳು ಜೋಡಿಯಾದವು. ಕಣ್ಣು ಕಾಣದ ದೊಡ್ಡಕ್ಕನೂ ಹಾರ್ನ್ ಕೇಳಿಯೇ ಕೈ ಮುಗಿದಳು. ಡಬ್ಬಿ ವಾಲಿಕೊಂಡೇ ಹಿಂದೆ ಸರಿಯಿತು.

"ದೈವಕ್ಕೆ ತಪ್ಪು ಕೇಳಿಕೊಂಡ್ಯಾ?" ಎಂದು ದೊಡ್ಡಕ್ಕ ನನ್ನ ಕೈ ಹುಡುಕಿದಳು. ಮಡಿಲಲ್ಲಿ ಸಿಗಲಿಲ್ಲ.

ನಾನೂ ನೋಡಿದೆ. ನನ್ನ ಎರಡೂ ಕೈಗಳು ಮುಂದಿನ ಸೀಟಿನ ಸರಳನ್ನು ಪುಸ್ತಕದಲ್ಲಿದ್ದ ಸ್ಟೇರಿಂಗ್ ಹಿಡಿಯುವ ಕ್ರಮದಲ್ಲೇ ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಕಣ್ಣು ರೆಪ್ಪೆ ಬಡಿಯದೆ ರಸ್ತೆಯ ಮೇಲಿತ್ತು. ಬಲಗಾಲು ಬಸ್ಸಿನ ನೆಲವನ್ನು ಪ್ರಾಣ ಹೋಗುವಷ್ಟು ಒತ್ತುತ್ತಿತ್ತು!