ಬ್ಯಾಟರಿ ಸಾಯುವವರೆಗೆ ಮಾತ್ರ

ನವೆಂಬರ್ ಹದಿನಾಲ್ಕು, ಶುಕ್ರವಾರ. ಬೆಳಿಗ್ಗೆ ತೆಳು ಮಂಜು ಇತ್ತು. ಹತ್ತು ಗಂಟೆಗೆ ಬಿಸಿಲು, ಮಧ್ಯಾಹ್ನ ಎಂದಿನ ಸೆಕೆ.

ಕುವೈತಣ್ಣನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಊಟ ಮುಗಿಸಿ ಈಗಷ್ಟೇ ಮನೆಗೆ ಬಂದಿದ್ದೇನೆ. ಮೊಣಕಾಲು ನೋವೆಂದು ಮನೆಯಲ್ಲೇ ಉಳಿದ ನನ್ನ ಹೆಂಡತಿಗೆ ಪಾಯಸ ಯಾವುದು ಎನ್ನುವುದಕ್ಕಿಂತ, ಕುವೈತಣ್ಣ ನನ್ನ ಕೆಲಸಕ್ಕೆ ಕೊನೆಗೂ ಏನು ಕೊಟ್ಟರು ಎಂಬುದೇ ಮುಖ್ಯ. ಅದನ್ನು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ಸಿದ್ಧಕಟ್ಟೆ ಪೇಟೆಯಲ್ಲಿ ನನ್ನದೊಂದು ರಿಪೇರಿ ಅಂಗಡಿ ಉಂಟು. ಬ್ಯಾಟರಿಯಲ್ಲಿ ನಡೆಯುವುದೆಲ್ಲ ಅಲ್ಲಿಗೆ ಬರುತ್ತದೆ. ಟಾರ್ಚು, ಎಮರ್ಜೆನ್ಸಿ ಲೈಟು, ಬೆನ್ನಿಗೆ ಕಟ್ಟುವ ಸ್ಪ್ರೇಯರು, ಮಕ್ಕಳ ಕಾರು. ಸಾಮಾನಿನ ಜೊತೆ ಅದರ ಮಾಲಕರೂ ಬರುವುದರಿಂದ ನಗುವುದಕ್ಕೆ ಏನಾದರೊಂದು ಒದಗುತ್ತಲೇ ಇರುತ್ತದೆ. ನನ್ನದು ಮಾತು ಕಡಿಮೆ. ಗಿರಾಕಿ ಇಲ್ಲದಾಗ ಓದುತ್ತೇನೆ, ಇದ್ದಾಗ ಕೇಳುತ್ತೇನೆ. ಕೇಳಿದ್ದೆಲ್ಲ ತುಳುವಿನಲ್ಲಿ, ಬರೆಯುವಾಗ ಕನ್ನಡಕ್ಕೆ ತಂದಿದ್ದೇನೆ.

ಒಂದು ವಿಷಯ ಮಾತ್ರ ಸಂಕೋಚವಿಲ್ಲದೆ ಹೇಳುತ್ತೇನೆ. ನಾನು ಸರಿ ಮಾಡಿ ಕೊಟ್ಟ ಸಾಮಾನು ಅದೇ ಕಾಯಿಲೆಗೆ ಎರಡನೆಯ ಸಲ ನನ್ನಲ್ಲಿಗೆ ಬಂದದ್ದಿಲ್ಲ.

೧. ಟಾರ್ಚಿನ ಮೇಲೆ ದೂರು

ನಮ್ಮೂರಿನ ನಿವೃತ್ತ ಪೋಸ್ಟ್ ಮಾಸ್ಟರರ ಟಾರ್ಚನ್ನು ಬಹಳ ಹಿಂದೆ ಸರಿ ಮಾಡಿಕೊಟ್ಟಿದ್ದೆ. ಒಂದು ದಿನ ಅದನ್ನು ಹಿಡಿದುಕೊಂಡು ಸಿಟ್ಟಿನಲ್ಲಿ ಬಂದರು.

“ಏನಾಯಿತು, ಉರಿಯುವುದಿಲ್ಲವಾ?” ಎಂದೆ.

“ಉರಿಯುತ್ತದೆ. ಅದೇ ತೊಂದರೆ.”

ನೆರೆಮನೆಯವರು ಹೊಸ ಟಾರ್ಚ್ ತಂದಿದ್ದರಂತೆ. ಅದರ ಬೆಳಕು ಗುಡ್ಡೆಯ ಆಚೆಗೆ ಬೀಳುತ್ತದಂತೆ. ತಾನೂ ಒಂದು ತರುವ ಎಂದರೆ ಮನೆಯಲ್ಲಿ, “ಇದ್ದದ್ದು ಸರಿ ಉಂಟಲ್ಲ” ಎನ್ನುತ್ತಾರಂತೆ.

“ಇದಕ್ಕೆ ನೀನು ಎಷ್ಟು ಗ್ಯಾರಂಟಿ ಕೊಟ್ಟಿದ್ದೆ?” ಎಂದು ಕೇಳಿದರು.

“ಆರು ತಿಂಗಳು.”

“ಹಾಗಾದರೆ ಅದು ಕಳೆದ ಮೇಲೂ ಯಾಕೆ ಉರಿಯುತ್ತಾ ಉಂಟು?”

ಅವರು ಹೋದ ಮೇಲೆ ಬಹಳ ಹೊತ್ತು ಸಂತೋಷವಾಗಿತ್ತು.

೨. ಪೊಳಲಿಯಲ್ಲಿ ಆಡಿದ ಮಾತು

ಕುವೈತಣ್ಣ ಎಂದರೆ ಕುವೈತಿನ ಹೋಟೆಲೊಂದರಲ್ಲಿ ಅರ್ಧ ಆಯುಷ್ಯ ಕಳೆದು ಬಂದವರು. ಈಗ ಮೂಡುಬಿದಿರೆಯಲ್ಲಿ ಸ್ವಂತ ಹೋಟೆಲು. ಮನೆ ನಮ್ಮ ಅಂಗಡಿಯಿಂದ ಸ್ವಲ್ಪ ಮುಂದೆ. ಅವರು ಒಂದು ದಿನ ನನ್ನ ಮೇಜಿನ ಮೇಲೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಉಕ್ಕಿನ ಡಬ್ಬಿಯೊಂದನ್ನು ಇಟ್ಟರು.

“ಇದು ಯಾವ ಟಾರ್ಚ್ ಅಣ್ಣ? ಬಲ್ಬೇ ಇಲ್ಲ.”

“ಟಾರ್ಚ್ ಅಲ್ಲ ಮಾರಾಯ. ಸೇದುವುದು. ವೇಪ್ ಅಂತ.”

ಬಿಚ್ಚಿ ನೋಡಿದೆ. ಒಳಗೊಂದು ಬ್ಯಾಟರಿ. ಅದು ಸುರುಳಿ ತಂತಿಯೊಂದನ್ನು ಬಿಸಿ ಮಾಡುತ್ತದೆ. ತಂತಿಗೆ ತಾಗಿದ ದ್ರವ ಹೊಗೆಯಾಗುತ್ತದೆ. ಪಕ್ಕದಲ್ಲಿ ವೋಲ್ಟೇಜಿನ ಡಯಲ್. ಏರಿಸಿದರೆ ಹೊಗೆ ದಪ್ಪ, ಬ್ಯಾಟರಿ ಬೇಗ ಖಾಲಿ. ಇಳಿಸಿದರೆ ಹೊಗೆ ತೆಳು, ಬ್ಯಾಟರಿ ಬಾಳಿಕೆ. ಅಚ್ಚುಕಟ್ಟಾದ ಕೆಲಸ. ಇಂಥದ್ದನ್ನು ನಮ್ಮ ದೇಶದಲ್ಲಿ ಮಾರುವಂತಿಲ್ಲ. ಕಾನೂನು ಬರುವ ಮೊದಲೇ ತಂದದ್ದು ಎಂದು ಕುವೈತಣ್ಣ ಹೇಳಿದರು. ನಾನು ಹೆಚ್ಚು ಕೇಳಲಿಲ್ಲ.

“ಹೊಸ ಬ್ಯಾಟರಿ ಹಾಕುವ?” ಎಂದೆ.

ಕುವೈತಣ್ಣ ಬೆಚ್ಚಿಬಿದ್ದರು. “ಬೇಡ, ಬೇಡ! ಇದೇ ಬ್ಯಾಟರಿ ಬದುಕಬೇಕು.”

ನಡೆದದ್ದು ಇಷ್ಟು. ಇವರ ಕೆಮ್ಮು ಕೇಳಿ ಸಾಕಾದ ಇವರ ಹೆಂಡತಿ, ನಮಗೆಲ್ಲ ಅತ್ತಿಗೆ, ಇವರನ್ನು ಪೊಳಲಿಗೆ ಕರೆದುಕೊಂಡು ಹೋಗಿ, ದೇವಿಯ ಎದುರು ನಿಲ್ಲಿಸಿ, “ಇವತ್ತಿಗೆ ಬಿಟ್ಟೆ ಅಂತ ಹೇಳಿ” ಎಂದಿದ್ದರು. ಇವರು ಕಣ್ಣು ಮುಚ್ಚಿ, ಕೈ ಮುಗಿದು, “ಅಮ್ಮಾ, ಈ ಬ್ಯಾಟರಿ ಸಾಯುವವರೆಗೆ ಮಾತ್ರ” ಎಂದುಬಿಟ್ಟರು. ಅತ್ತಿಗೆಯ ಫೋನಿನ ಬ್ಯಾಟರಿ ಎರಡು ವರ್ಷವೂ ಬಂದಿರಲಿಲ್ಲ. ಇದು ಎಷ್ಟು ದಿನ ಬಂದೀತು ಎಂದು ಅವರೂ ಒಪ್ಪಿದರಂತೆ.

“ಸಿದ್ಧಕಟ್ಟೆಯಲ್ಲಿ ನೀನೊಬ್ಬ ಇದ್ದೀ ಅಂತ ಅವಳಿಗೆ ಗೊತ್ತಿರಲಿಲ್ಲ” ಎಂದರು ಕುವೈತಣ್ಣ.

ಚಾರ್ಜ್ ಮಾಡುವ ಪಿನ್ನಿನ ಬೆಸುಗೆ ಬಿಟ್ಟಿತ್ತು, ಅಷ್ಟೇ. ಸರಿ ಮಾಡಿದೆ. ಮಜೂರಿ ಕೇಳಿದಾಗ, “ಬ್ಯಾಟರಿ ಸತ್ತ ದಿನ ಒಟ್ಟಿಗೆ ಕೊಡ್ತೇನೆ” ಎಂದು ಹೋದರು.

ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಹೆಂಡತಿ ಸ್ವಲ್ಪ ಯೋಚಿಸಿ ಕೇಳಿದಳು: “ಅಂದರೆ, ನೀವು ಕೆಲಸ ಚೆನ್ನಾಗಿ ಮಾಡಿದಷ್ಟೂ ದುಡ್ಡು ಬರುವುದಿಲ್ಲ?”

೩. ಅಂಗಿಯ ಜೊತೆ

ಒಂದು ಸೋಮವಾರ ಕುವೈತಣ್ಣ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು, ಕೂಸನ್ನು ಎತ್ತಿಕೊಂಡ ಹಾಗೆ ತಂದರು. ಅಂಗಿಯ ಕಿಸೆಯಲ್ಲಿ ಇದ್ದದ್ದು ಬಟ್ಟೆಯ ಜೊತೆ ವಾಷಿಂಗ್ ಮೆಷಿನ್ನಿಗೆ ಹೋಗಿತ್ತು.

“ಒಳಗೆ ಟಕ್ ಟಕ್ ಅಂತ ಸದ್ದು ಬರ್ತಾ ಇತ್ತಂತೆ. ಅವಳಿಗೆ ಗೊತ್ತಾಗಿದೆ. ನಿಲ್ಲಿಸಬಾರದಾ? ಮೆಷಿನ್ನಿನ ಎದುರು ಕುರ್ಚಿ ಹಾಕಿ ಕೂತುಕೊಂಡು ನೋಡಿದ್ದಾಳೆ ಮಾರಾಯ! ಮುಗಿದ ಮೇಲೆ ಇನ್ನೊಂದು ಸಲ ತಿರುಗಿಸಿದ್ದಾಳೆ.”

ಬಿಚ್ಚಿದೆ. ಸಾಬೂನಿನ ನೊರೆ ಬಂತು. ಒಂದೊಂದು ಭಾಗವನ್ನೂ ಸ್ಪಿರಿಟಿನಲ್ಲಿ ಒರೆಸಿ, ನೆರಳಿನಲ್ಲಿ ಒಣಗಿಸಿದೆ. ಬ್ಯಾಟರಿ ಉಬ್ಬಿರಲಿಲ್ಲ, ರಬ್ಬರಿನ ಮುಚ್ಚಳ ನೀರನ್ನು ತಡೆದಿತ್ತು. ಎಷ್ಟೋ ದುಬಾರಿ ಫೋನುಗಳು ಹನಿ ನೀರಿಗೆ ಪ್ರಾಣ ಬಿಟ್ಟದ್ದನ್ನು ನೋಡಿದ್ದೇನೆ. ಇದು ಎರಡು ಸಲ ಮಿಂದು, ಗುಂಡಿ ಒತ್ತಿದ ಕೂಡಲೇ ನೀಲಿ ದೀಪ ಉರಿಸಿತು. ನಾನು ಯಾರನ್ನೂ ಸುಲಭದಲ್ಲಿ ಹೊಗಳುವವನಲ್ಲ. ಆ ಡಬ್ಬಿಯ ಬೆನ್ನು ತಟ್ಟಿದೆ.

ಬಟ್ಟೆಗಳ ಗತಿ ಮಾತ್ರ ಬೇರೆ. ಅದರೊಳಗೆ ಇದ್ದದ್ದು ಮಾವಿನಹಣ್ಣಿನ ಪರಿಮಳದ ದ್ರವ. ವಾರವಿಡೀ ಕುವೈತಣ್ಣ ಹೋಟೆಲಿನ ಗಲ್ಲಾದಲ್ಲಿ ಕೂತರೆ ಗಿರಾಕಿಗಳು, “ಇವತ್ತು ಮಾವಿನಹಣ್ಣಿನ ರಸಾಯನ ಉಂಟಾ?” ಎಂದು ಕೇಳುತ್ತಿದ್ದರಂತೆ.

೪. ಅತ್ತಿಗೆಯ ಕೋರಿಕೆ

ಆಮೇಲೆ ಅತ್ತಿಗೆಯೇ ಬಂದರು. ಕೂತುಕೊಳ್ಳಿ ಎಂದರೆ ಕೂರಲಿಲ್ಲ.

“ನೋಡಿ ಮಾರಾಯ್ರೇ, ಮಗಳು ಗರ್ಭಿಣಿ. ಮೊದಲ ಬಾಣಂತನ. ನಮ್ಮಲ್ಲಿ ಅದು ತಾಯಿಮನೆಯಲ್ಲಿ ಆಗಬೇಕು. ಅವಳು ಹೇಳ್ತಾಳೆ, ಹೊಗೆ ಇರುವ ಮನೆಗೆ ಕೂಸನ್ನು ತರುವುದಿಲ್ಲ, ಬೆಳ್ತಂಗಡಿಯಲ್ಲಿ ಗಂಡನ ಮನೆಯಲ್ಲೇ ಇರ್ತೇನೆ ಅಂತ. ಅವಳು ಹೇಳುವುದು ತಪ್ಪಲ್ಲ. ಆದರೆ ನಾನು ಇದ್ದೂ ನನ್ನ ಮಗಳ ಬಾಣಂತನ ಬೇರೆಯವರು ಮಾಡುವುದಾ?”

“ಅಣ್ಣನಿಗೆ ಹೇಳಿದಿರಾ?”

“ಹೇಳಿದೆ. ಬ್ಯಾಟರಿ ಸಾಯಲಿ, ಬಿಡ್ತೇನೆ ಅಂತಾರೆ. ಅದನ್ನು ಸಾಯಲಿಕ್ಕೆ ನೀವು ಬಿಡ್ತೀರಾ?” ಅವರ ಕಣ್ಣಲ್ಲಿ ನೀರಿತ್ತು. “ಮುಂದಿನ ಸಲ ತಂದಾಗ ಸ್ವಲ್ಪ ಕೆಡಿಸಿ ಕೊಡಿ. ಹೆಚ್ಚು ಬೇಡ.”

ಬೇರೆ ಯಾವ ಸಹಾಯವನ್ನಾದರೂ ಕೂಡಲೇ ಮಾಡುತ್ತಿದ್ದೆ. “ಅತ್ತಿಗೆ, ಕೆಡಿಸುವುದು ನನ್ನ ಕೈಯಿಂದ ಆಗುವುದಿಲ್ಲ” ಎಂದೆ.

“ಒಂದು ಸಲ ಮಾಡಿ ನೋಡಿ. ಅಭ್ಯಾಸ ಆಗ್ತದೆ.”

“ಇನ್ನು ಮುಂದೆ ಅದನ್ನು ರಿಪೇರಿ ಮಾಡುವುದೇ ಇಲ್ಲ. ಅದಾಗಬಹುದಾ?”

ಅವರು ಯೋಚಿಸಿದರು. “ಬೇಡ. ಮೂಡುಬಿದಿರೆಯಲ್ಲಿ ಯಾರಿಗಾದರೂ ಕೊಡ್ತಾರೆ. ಅವನು ಹೊಸ ಬ್ಯಾಟರಿ ಹಾಕಿ, ಹಳತನ್ನೇ ಸರಿ ಮಾಡಿದೆ ಅಂತ ಸುಳ್ಳು ಹೇಳ್ತಾನೆ. ನೀವೇ ಮಾಡಿ. ನೀವಾದರೆ ಮೋಸ ಇಲ್ಲ.”

ಇಷ್ಟು ದೊಡ್ಡ ಸರ್ಟಿಫಿಕೇಟನ್ನು ಯಾರೂ ನನಗೆ ಅಷ್ಟು ಬೇಸರದಲ್ಲಿ ಕೊಟ್ಟದ್ದಿಲ್ಲ.

೫. ಪಥ್ಯ

ಆದರೂ ವಯಸ್ಸು ಯಾರನ್ನೂ ಬಿಡುವುದಿಲ್ಲ. ಬೆಳಿಗ್ಗೆ ಚಾರ್ಜ್ ಮಾಡಿದರೆ ಮಧ್ಯಾಹ್ನ ಖಾಲಿ ಎಂದು ಕುವೈತಣ್ಣ ಓಡಿಬಂದರು. ಮೀಟರ್ ಇಟ್ಟು ನೋಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬ್ಯಾಟರಿಗೆ ಮುಪ್ಪು ಬಂದಿದೆ, ರಿಪೇರಿಯಲ್ಲಿ ಆಗುವಂಥದ್ದಿಲ್ಲ, ಇನ್ನು ಆರೈಕೆ ಮಾತ್ರ.

“ಏನು ಮಾಡಬೇಕು ಹೇಳು.”

“ಹೊಟ್ಟೆ ತುಂಬ ಚಾರ್ಜ್ ಮಾಡಬೇಡಿ. ಪೂರ್ತಿ ಖಾಲಿಯಾಗಲಿಕ್ಕೂ ಬಿಡಬೇಡಿ. ಒಲೆಯ ಹತ್ತಿರ ಇಡಬೇಡಿ. ಮತ್ತೆ ವೋಲ್ಟೇಜ್ ಇಳಿಸಿ. ಅದು ಇಳಿದಷ್ಟೂ ಬಾಳಿಕೆ.”

ತಮ್ಮ ಸಕ್ಕರೆ ಕಾಯಿಲೆಗೆ ಡಾಕ್ಟರು ಹೇಳಿದ ಒಂದೇ ಒಂದು ಮಾತನ್ನೂ ಪಾಲಿಸದ ಮನುಷ್ಯ ಇದನ್ನು ಅಕ್ಷರಶಃ ಪಾಲಿಸಿದರು. ಹೋಟೆಲಿನಲ್ಲಿ ಡಬ್ಬಿಗೆ ಗೂಡು ಮಾಡಿ, ಫ್ಯಾನಿನ ಗಾಳಿ ತಾಗುವ ಕಡೆ ಇಟ್ಟರು. ಚಾರ್ಜಿಗೆ ಹಾಕಿದರೆ ಪಕ್ಕದಲ್ಲೇ ಕೂತು, ಮುಕ್ಕಾಲು ಆದ ಕೂಡಲೇ ತೆಗೆಯುತ್ತಿದ್ದರು. ಡಯಲನ್ನು ವಾರಕ್ಕೊಂದು ಗೆರೆ ಇಳಿಸಿದರು.

ದಾರಿಯಲ್ಲಿ ಸಿಕ್ಕಿದ ಅತ್ತಿಗೆ ನನ್ನನ್ನು ನಿಲ್ಲಿಸಿ ಕೇಳಿದರು: “ನನಗೂ ಬಿಪಿ ಉಂಟು ಮಾರಾಯ್ರೇ. ನನ್ನನ್ನೂ ಹಾಗೆ ನೋಡಿಕೊಳ್ಳಲಿಕ್ಕೆ ಎರಡು ಮಾತು ಹೇಳ್ತೀರಾ?”

೬. ಇಳಿಯದ ಬಾಟಲಿ

ಮಗಳಿಗೆ ಏಳು ತಿಂಗಳು ತುಂಬಿ ಬಯಕೆಯ ಊಟ ಬೆಳ್ತಂಗಡಿಯಲ್ಲೇ ಆಯಿತು. ಅಲ್ಲಿಂದ ತವರಿಗೆ ಹೊರಡಬೇಕಾದವಳು ಹೊರಡಲಿಲ್ಲ. ಅತ್ತಿಗೆ ಒಬ್ಬರೇ ಬಸ್ಸಿನಲ್ಲಿ ಹಿಂದೆ ಬಂದರು. ಇದಾಗಿ ಕೆಲವು ದಿನಕ್ಕೆ ಕುವೈತಣ್ಣ ಅಂಗಡಿಗೆ ಬಂದರು. ಮಗಳ ವಿಷಯ ಎತ್ತುತ್ತಾರೆ ಎಂದುಕೊಂಡೆ. ಎತ್ತಲಿಲ್ಲ. ಡಬ್ಬಿಯನ್ನು ಎತ್ತಿದರು.

“ಹದಿನೈದು ದಿನ ಆಯಿತು, ಒಂದೇ ಚಾರ್ಜು! ನಿನ್ನ ಕೈಗುಣ ಅಂದರೆ ಕೈಗುಣ. ಬ್ಯಾಟರಿ ಬಿಡು, ಬಾಟಲಿಯ ದ್ರವವೂ ಇಳಿಯುವುದಿಲ್ಲ ಮಾರಾಯ!”

ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲಿ ಎರಡನೆಯ ಮಾತು ಕಿವಿಗೆ ಬೀಳಲು ಸ್ವಲ್ಪ ಹೊತ್ತು ಹಿಡಿಯಿತು.

“ದ್ರವ ಇಳಿಯುವುದಿಲ್ಲವಾ?”

“ಒಂದು ಹನಿ ಇಳಿಯುವುದಿಲ್ಲ.”

“ಅಣ್ಣ, ಒಮ್ಮೆ ಎಳೆಯಿರಿ ನೋಡುವ.”

ಎಳೆದರು. ನೀಲಿ ದೀಪ ಉರಿಯಿತು. ಗತ್ತಿನಿಂದ ತಲೆಯೆತ್ತಿ ಊದಿದರು. ಏನೂ ಬರಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಊದಿದರು. ಮೇಜಿನ ಮೇಲಿದ್ದ ನನ್ನ ಪುಸ್ತಕದ ಹಾಳೆ ಮಗುಚಿತು, ಅಷ್ಟೇ.

ಡಯಲ್ ಕೊನೆಯ ಗೆರೆಯಲ್ಲಿತ್ತು. ತಂತಿ ಬೆಚ್ಚಗಾಗಲಿಕ್ಕೂ ಆ ವೋಲ್ಟೇಜ್ ಸಾಲುತ್ತಿರಲಿಲ್ಲ. ಕುವೈತಣ್ಣ ಬ್ಯಾಟರಿ ಉಳಿಸುವ ಉಮೇದಿನಲ್ಲಿ ಎಷ್ಟೋ ದಿನಗಳಿಂದ ಬರೀ ಗಾಳಿ ಸೇದುತ್ತಿದ್ದರು. ತುಟಿಗೆ ಮಾವಿನ ರುಚಿ ತಾಗುತ್ತಿತ್ತು, ದೀಪ ಉರಿಯುತ್ತಿತ್ತು. ಅಷ್ಟಕ್ಕೇ ಸೇದಿದ ಹಾಗಾಗುತ್ತಿತ್ತು.

“ಅದಕ್ಕೇ ಕೆಮ್ಮು ಇಲ್ಲ” ಎಂದರು ಮೆಲ್ಲಗೆ. ಹೆಬ್ಬೆರಳು ಡಯಲಿನ ಮೇಲೆ ಹೋಯಿತು. “ಇದನ್ನು ಏರಿಸಿದರೆ?”

“ಹೊಗೆ ಬರ್ತದೆ. ಬ್ಯಾಟರಿ ಹೆಚ್ಚು ದಿನ ಬರುವುದಿಲ್ಲ.”

ಹೊರಗೆ ಮೂಡುಬಿದಿರೆಯ ಬಸ್ಸು ಬಂತು, ನಿಂತಿತು, ಹೋಯಿತು. ಕುವೈತಣ್ಣ ಡಬ್ಬಿಯನ್ನೇ ನೋಡುತ್ತಿದ್ದರು. ಕೊನೆಗೆ ಹೆಬ್ಬೆರಳು ತೆಗೆದರು.

“ಇಷ್ಟು ಕಷ್ಟಪಟ್ಟು ಬದುಕಿಸಿದ್ದೇವೆ. ಈಗ ಒಂದು ಹೊಗೆಗಾಗಿ ಕೊಲ್ಲುವುದಾ?”

೭. ತೊಟ್ಟಿಲು

ಒಂಬತ್ತನೆಯ ತಿಂಗಳಿಗೆ ಮಗಳು ತವರಿಗೆ ಬಂದಳು. ಹೆಣ್ಣು ಮಗು. ಇವತ್ತು ತೊಟ್ಟಿಲಿಗೆ ಹಾಕುವಾಗ ಮನೆ ತುಂಬ ಜನ. ಕುವೈತಣ್ಣ ಕೂಸನ್ನು ಎದೆಗೆ ಒರಗಿಸಿಕೊಂಡು ನಡುಮನೆಯಲ್ಲಿ ಓಡಾಡಿದರು. ಕೂಸು ಅಂಗಿಗೆ ಮೂಗು ಉಜ್ಜಿ ನಿದ್ದೆಹೋಯಿತು. ಮಗಳು ದೂರದಿಂದ ನೋಡಿದಳು, ಬಂದು ಕೂಸನ್ನು ತೆಗೆದುಕೊಳ್ಳಲಿಲ್ಲ.

ಅತ್ತಿಗೆ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದರು. “ದೊಡ್ಡ ಉಪಕಾರ ಆಯಿತು ಮಾರಾಯ್ರೇ. ಆಗುವುದಿಲ್ಲ ಅಂದಿರಿ, ಕೊನೆಗೆ ಎಷ್ಟು ಚಂದ ಕೆಡಿಸಿ ಕೊಟ್ಟಿರಿ!”

“ನಾನು ಕೆಡಿಸಲಿಲ್ಲ ಅತ್ತಿಗೆ.”

“ಇರಲಿ, ಇರಲಿ. ನಾನು ಯಾರಿಗೂ ಹೇಳುವುದಿಲ್ಲ. ಹೊಗೆ ಬರುವುದಿಲ್ಲ ಅಂತ ಅವರಿಗಿಂತ ಮೊದಲು ನನಗೆ ಗೊತ್ತಾಯಿತು. ಹೇಳಿದರೆ ನಿಮ್ಮಲ್ಲಿಗೆ ಓಡ್ತಾರೆ ಅಂತ ಬಾಯಿ ಮುಚ್ಚಿಕೊಂಡೆ. ಮಗಳಿಗೆ ಮಾತ್ರ ಹೇಳಿದೆ. ಅಳಿಯನಿಗೂ ಹೇಳಿದೆ. ನೀವು ಕೆಡಿಸಿದ ಹಾಗೆ ಜಿಲ್ಲೆಯಲ್ಲಿ ಬೇರೆ ಯಾರಿಗೂ ಕೆಡಿಸಲಿಕ್ಕೆ ಬರುವುದಿಲ್ಲ ಅಂತ ಬೆಳ್ತಂಗಡಿಯವರೆಲ್ಲ ಹೇಳ್ತಾ ಇದ್ದಾರೆ.”

ತಿರುಗಿ ನೋಡಿದೆ. ಬೆಳ್ತಂಗಡಿಯ ಕಡೆಯವರೆಲ್ಲ ನನ್ನನ್ನು ನೋಡಿ ಮೆಚ್ಚುಗೆಯಿಂದ ನಕ್ಕರು. ಸಾಮಾನು ಕೆಡಿಸಿದವನೆಂಬ ಕೀರ್ತಿ ಹೊತ್ತು ಆ ಮನೆಯಿಂದ ಹೊರಡಲು ನನಗೆ ಸಾಧ್ಯವಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನಾಲ್ಕು ಜನರ ನಡುವೆ ಧ್ವನಿ ಏರಿಸಿದೆ. “ಅಣ್ಣಾ, ಅದನ್ನು ತನ್ನಿ! ಡಯಲ್ ಏರಿಸಿ ತೋರಿಸ್ತೇನೆ, ಸರಿ ಉಂಟು!”

ಕೂಸು ಎದ್ದು ಅತ್ತಿತು. ಕುವೈತಣ್ಣ ಅದನ್ನು ಮಗಳ ಕೈಗೆ ಕೊಟ್ಟು, ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದರು. “ನಿನಗೆ ಮಂಡೆ ಸಮ ಉಂಟಾ ಮಾರಾಯ? ಕೆಟ್ಟಿದೆ ಅಂತಲೇ ಇರಲಿ.”

“ಆದರೆ ಕೆಟ್ಟಿಲ್ಲವಲ್ಲ.”

“ಅದು ನಿನಗೆ ಗೊತ್ತು, ನನಗೆ ಗೊತ್ತು. ಸಾಲದಾ?” ಎಂದು ಕಿಸೆಗೆ ಕೈ ಹಾಕಿದರು.

ಇಷ್ಟನ್ನು ಹೇಳುವಷ್ಟರಲ್ಲಿ ನನ್ನ ಹೆಂಡತಿ ಮೊಣಕಾಲು ಮರೆತು ಎದ್ದು ನಿಂತಿದ್ದಳು. “ಕೊಟ್ಟರಾ? ಏನು ಕೊಟ್ಟರು?”

ನಾನು ಕಿಸೆಯಿಂದ ಉಕ್ಕಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ.

“ಇಷ್ಟು ಸಮಯದ ಮಜೂರಿ ಇದಾ?”

“ಅಲ್ಲ. ಇದು ನೋಡಿಕೊಳ್ಳಲಿಕ್ಕೆ ಕೊಟ್ಟದ್ದು. ಕೂಸು ಇರುವ ಮನೆಯಲ್ಲಿ ಬೇಡ ಅಂತ. ಇದು ಬದುಕಿರುವವರೆಗೆ ಅವರು ಬಿಟ್ಟ ಹಾಗಲ್ಲವಂತೆ. ಮಜೂರಿ ಬ್ಯಾಟರಿ ಸತ್ತ ದಿನ ಒಟ್ಟಿಗೆ.”

ಹೆಂಡತಿ ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. “ಡಯಲ್ ಇದಲ್ಲವಾ? ಏರಿಸಿ ರಾತ್ರಿಯಿಡೀ ಉರಿಸುವ. ನಾಳೆಗೆ ಸಾಯ್ತದೆ.”

ನಾನು ಅದನ್ನು ಅವಳ ಕೈಯಿಂದ ಕಸಿದುಕೊಂಡೆ. ಚಾರ್ಜ್ ಸ್ವಲ್ಪ ಇಳಿದಿತ್ತು. ಗೋಡೆಯ ಪ್ಲಗ್ಗಿಗೆ ಹಾಕಿ, ಮುಕ್ಕಾಲು ಆದಾಗ ತೆಗೆಯಬೇಕೆಂದು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ನೀಲಿ ದೀಪ ಉರಿಯಿತು.

ಹೆಂಡತಿ ದೀಪವನ್ನು ನೋಡಿದಳು, ನನ್ನನ್ನು ನೋಡಿದಳು. “ಹಾಗಾದರೆ ಮಜೂರಿ ಇಲ್ಲ” ಎಂದಳು, “ಮೇಲಿಂದ ಕರೆಂಟೂ ನಮ್ಮದೇ.”