ಅಗಳಿ ಹಾಕದ ‘ಅವರು’

ಸೊಸೆಯನ್ನು ಸಂಜೆಯ ಲಿಂಗಸುಗೂರು ಬಸ್ಸು ಹತ್ತಗೊಡುವುದಿಲ್ಲ, ಅದಕ್ಕಾಗಿ ಯಾರ ಕೈಕಾಲೂ ಹಿಡಿಯುವುದಿಲ್ಲ, ಬರೀ ತರ್ಕದಿಂದಲೇ ಆಕೆ ನಿರಪರಾಧಿ ಎಂದು ಸಾಧಿಸಿ ತೋರಿಸುತ್ತೇನೆ ಎಂದು ಯಂಕೋಬ ಮಾಸ್ತರರು ಪಡಸಾಲೆಯ ನಡುವೆ ನಿಂತು ಪ್ರತಿಜ್ಞೆ ಮಾಡಿದರು. ನಿಂತು ಎಂದದ್ದು ತಪ್ಪು. ಮಾಸ್ತರರು ನಿಂತವರೇ ಅಲ್ಲ. ಮಸ್ಕಿಯ ಮಕ್ಕಳಿಗೆ ಗಣಿತ ಕಲಿಸುವಾಗಲೂ ಕರಿಹಲಗೆಯ ಈ ತುದಿಯಿಂದ ಆ ತುದಿಗೆ ಓಡಾಡಿಯೇ ನಿವೃತ್ತರಾದವರು. ತಲೆಗೊಂದು ಯೋಚನೆ ಬಂತೆಂದರೆ ಕಾಲು ತಾನಾಗಿಯೇ ಹೊರಟುಬಿಡುತ್ತಿತ್ತು.

ಆದದ್ದು ಇಷ್ಟು. ಮಾಸ್ತರರ ತಾಯಿ ಗದ್ದೆಮ್ಮ ಸೊಂಟ ಬೀಳುವಂತೆ ಕೂತು ಹೊಸೆದ ಶಾವಿಗೆಯನ್ನು ಹಿಂದಿನ ಪಡಸಾಲೆಯಲ್ಲಿ ಒಣಹಾಕಿದ್ದರು. ಮಧ್ಯಾಹ್ನ ಯಾರೋ ಹಿತ್ತಲ ಬಾಗಿಲಿನ ಅಗಳಿ ಹಾಕದೆ ಬಿಟ್ಟರು. ಓಣಿಯ ಮಾಳಿಂಗಪ್ಪನ ಆಡುಗಳು ಸಕುಟುಂಬ ಸಪರಿವಾರ ದಯಮಾಡಿಸಿ, ಹಾಲಿಲ್ಲ ಬೆಲ್ಲವಿಲ್ಲ ಎಂದು ಬೇಸರಪಡದೆ, ಒಂದೆಳೆ ಉಳಿಸದಂತೆ ಉಂಡುಹೋದವು. ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗಿದ್ದವಳು ಸೊಸೆ ಪಂಪಾವತಿ. ಗದ್ದೆಮ್ಮನ ಕಣ್ಣು ಆಕೆಯ ಮೇಲೆ ಬಿತ್ತು.

“ತವರಮನ್ಯಾಗ ಬಾಗಿಲಾನ ಇರಲಿಲ್ಲೇನೋ,” ಎಂದರು.

ಸೊಸೆ ಲಿಂಗಸುಗೂರಿನ ತವರಿಗೆ ಹೊರಡಲು ಚೀಲ ತುಂಬಿಕೊಂಡಳು. ಗಂಡ ಹುಲಿಗೇಶ ಸಿಂಧನೂರಿನ ನೌಕರಿಯಿಂದ ಬರುವುದರೊಳಗೆ ಬಸ್ಸು ಹೋಗಿರುತ್ತಿತ್ತು.

ಮಾಸ್ತರರು ಹೆಂಡತಿಯ ರಂಗೋಲಿ ಡಬ್ಬಿ ಕಸಿದುಕೊಂಡು ಅಂಗಳದಲ್ಲಿ ಕುಕ್ಕರಿಸಿದರು. ಒಬ್ಬೊಬ್ಬರಿಗೂ ಒಂದು ಚುಕ್ಕಿ. ಯಾರು ಯಾರನ್ನು ಕಂಡರೋ ಅವರ ನಡುವೆ ಒಂದು ಗೆರೆ. ಇದಕ್ಕೆ ಗ್ರಾಫ್ ಎನ್ನುತ್ತಾರೆ ಎಂದು ಸಾರಿದರು. ಸಾಕ್ಷಿ ಹೇಳಲು ಬಂದಿದ್ದ ಪಕ್ಕದ ಮನೆಯ ಶಂಶಾದ್‌ಬೀ, ನಾವು ಇದಕ್ಕೆ ರಂಗೋಲಿ ಅಂತೀವಿ ಎಂದಳು.

ತಾನು ಜರಡಿ ವಾಪಸ್ ಕೊಟ್ಟು ಹಿತ್ತಲಿಂದ ಮರಳುವಾಗ ಪಂಪಾವತಿ ಬೆನ್ನಿಗೇ ಅಗಳಿ ಹಾಕಿದ ಸಪ್ಪಳ ಕೇಳಿದ್ದೇನೆ, ಬೇಕಾದರೆ ಕಸಮ್ ತಿನ್ನುತ್ತೇನೆ ಎಂದೂ ಹೇಳಿದಳು. ಒಂದು ಗೆರೆ ಬಿತ್ತು. ಆಮೇಲೆ ಪಂಪಾವತಿ ಎಲ್ಲಿದ್ದಳು? ಆಡು ಒದರುವ ತನಕ ಗದ್ದೆಮ್ಮನ ಕಾಲು ಒತ್ತುತ್ತಿದ್ದಳು. ಅದನ್ನು ಗದ್ದೆಮ್ಮನೇ ಒಪ್ಪಬೇಕಾಯಿತು. ಇನ್ನೊಂದು ಗೆರೆ. ಅಂದಮೇಲೆ, ಹಾಕಿದ ಅಗಳಿಯನ್ನು ತೆಗೆದದ್ದು ಬೇರೆ ಕೈ!

“ಯಾರ ಕೈ? ಅದನ್ನ ಹೇಳು. ಅಲ್ಲೀತನ ಆ ಕೈ ಈಕೀದ,” ಎಂದರು ಗದ್ದೆಮ್ಮ. ನಿನ್ನ ಚುಕ್ಕಿ ಎಲ್ಲಿ ಎಂದೂ ಕೇಳಿದರು. ಲೆಕ್ಕ ಮಾಡುವವನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಮಾಸ್ತರರು ತಿಳಿಸಿಕೊಟ್ಟರು.

ಉಳಿದವಳು ಅವರ ಹೆಂಡತಿ ಗಂಗಾದೇವಿ. ಬಾಗಿಲು ಕಾಣುವಂತೆ ಕೂತು ಅಕ್ಕಿ ಆರಿಸುತ್ತ, ಹಾಗೇ ತೂಕಡಿಸಿದ್ದವಳು. ಅತ್ತೆಯ ಮುಂದೆ ಆಕೆ ಗಂಡನ ಹೆಸರು ಹಿಡಿದವಳಲ್ಲ, ಮುಖ ಕೊಟ್ಟು ‘ನೀವು’ ಎಂದವಳೂ ಅಲ್ಲ. ಏನಿದ್ದರೂ ಕಂಬಕ್ಕೆ ಹೇಳಿ ಗಂಡನಿಗೆ ಕೇಳಿಸುವವಳು. ಈಗಲೂ ಸೆರಗೆಳೆದುಕೊಂಡು ಕಂಬಕ್ಕೇ ಹೇಳಿದಳು.

“ನನಗ ಜೋಂಪು ಹತ್ತೂಕಿಂತ ಮೊದ್ಲ ಅವರು ಹಿತ್ತಲಕ ಹೋಗಿ ಬಂದ್ರು. ಅಗಳಿ ಹಾಕಲಿಲ್ಲ.”

‘ಅವರು’ ಎಂದರೆ ಬಹುವಚನ. ಬಹುವಚನವೆಂದರೆ ಕಡಿಮೆಯೆಂದರೂ ಇಬ್ಬರು. ಮಾಸ್ತರರು ಎರಡು ಚುಕ್ಕಿ ಇಟ್ಟರು.

“ಅವರನ್ನ ಮೊದ್ಲ ಎಲ್ಲೆರ ನೋಡೀಯೇನು?”

“ಲಗ್ನ ಆದಾಗಿಂದ ನೋಡಾಕತ್ತೀನಿ.”

ಅಂದರೆ ಓಣಿಯವರೇ! ಮಾಸ್ತರರು ಎದ್ದು ಅಂಗಳಕ್ಕೆ ಸುತ್ತು ಹಾಕತೊಡಗಿದರು.

“ಗುರುತು ಹೇಳು. ತಲಿ ಹೆಂಗಿತ್ತು?”

“ಕೂದಲಿಲ್ಲ.”

“ಇಬ್ಬರಿಗೂ?”

ಗಂಗಾದೇವಿ ಕಂಬವನ್ನು ದೀನವಾಗಿ ನೋಡಿದಳು. “ಬಾಯಾಗ ಎಲಿ ಅಡಿಕಿ ಇತ್ತು,” ಎಂದಳು.

ಇಬ್ಬರೂ ಬೋಳುತಲೆಯವರು, ಇಬ್ಬರಿಗೂ ಎಲೆಯಡಿಕೆಯ ಚಟ. ಅಣ್ಣತಮ್ಮಂದಿರೇ ಸೈ! ಮಾಸ್ತರರು ತಮ್ಮ ಬಾಯಲ್ಲಿದ್ದ ಕೆಂಪು ರಸವನ್ನು ಗಟಕ್ಕನೆ ನುಂಗಿ ಓಣಿಗಿಳಿದು ಸುದ್ದಿ ಸಾರಿದರು. ಓಣಿಯೇ ಅಂಗಳಕ್ಕೆ ಬಂತು. ಬೋಳುತಲೆಯವರೆಲ್ಲ ಆ ಸೆಖೆಯಲ್ಲೂ ಟವೆಲ್ ಸುತ್ತಿಕೊಂಡು ಬಂದರು. ಬಳೆ ಮಾರುವ ಸಿದ್ದರಾಮೇಶ, ತನಗೆ ಅಣ್ಣನೂ ಇಲ್ಲ ತಮ್ಮನೂ ಇಲ್ಲವೆಂದು ಯಾರೂ ಕೇಳದಿದ್ದರೂ ಆಣೆ ಇಟ್ಟ. ನಿಜಕ್ಕೂ ಅಣ್ಣತಮ್ಮಂದಿರಾದ ಕಿರಾಣಿ ಅಂಗಡಿಯವರು ಮಾಸ್ತರರ ಅಂಗಿ ಹಿಡಿಯುವುದೊಂದು ಬಾಕಿ. ಈ ಗದ್ದಲದ ನಡುವೆ ಪಂಪಾವತಿ ಚೀಲ ಹಿಡಿದು ಹೊಸ್ತಿಲು ದಾಟಿದಳು.

ಗಂಗಾದೇವಿಗೆ ಇನ್ನು ತಡೆಯಲಾಗಲಿಲ್ಲ. ಗಂಡನ ಹೆಸರು ಬಾಯಿಬಿಟ್ಟು ಹೇಳಲು ಅವಳಂಥವರಿಗೆ ಇರುವ ದಾರಿ ಒಂದೇ: ಲಗ್ನದಲ್ಲಿ, ಸೀಮಂತದಲ್ಲಿ ಪ್ರಾಸ ಕಟ್ಟಿ ಹೇಳುವ ಒಡಪು. ಸೊಸೆಯ ಚೀಲವನ್ನು ಭದ್ರವಾಗಿ ಹಿಡಿದು, ಇಡೀ ಓಣಿಯ ಮುಂದೆ ತಲೆ ತಗ್ಗಿಸಿ, ರಾಗವಾಗಿ ಹೇಳಿದಳು:

“ಜ್ವಾಳದ ತೆನಿ ಮ್ಯಾಲ ಕುಂತೈತಿ ಗಿಳಿ,
ಯಂಕೋಬ ಮಾಸ್ತರು ಹಾಕಲಿಲ್ಲ ಅಗಳಿ.”

ಓಣಿಯ ಕಣ್ಣೆಲ್ಲ ಮಾಸ್ತರರ ಬೋಳುತಲೆಗೆ ತಿರುಗಿದವು. ಆಮೇಲೆ ಟವೆಲ್‌ಗಳು ಒಂದೊಂದಾಗಿ ತಲೆಯಿಂದಿಳಿದವು. ಎಲೆಯಡಿಕೆ ಉಗುಳಲು ತಮ್ಮ ಕಾಲು ಹಿತ್ತಲಿಗೆ ಹೋಗಿ ಬಂದ ಸುದ್ದಿ ಮಾಸ್ತರರ ತಲೆಗೆ ಆಗ ಮುಟ್ಟಿತು. ಗಂಗಾದೇವಿ ಚೀಲ ಎತ್ತಿಕೊಂಡು ಒಳಗೆ ನಡೆದಳು. ಪಂಪಾವತಿ ಬಾಯಿಗೆ ಸೆರಗು ಒತ್ತಿಕೊಂಡು, ನಗು ತಡೆಯಲಾಗದೆ ಭುಜ ಕುಣಿಸುತ್ತ, ಚೀಲದ ಹಿಂದೆಯೇ ಹೋದಳು.

ಆದರೂ ಮಾಸ್ತರರು ಎದೆ ಸೆಟೆಸಿದರು. ಸೊಸೆ ನಿರಪರಾಧಿ ಎಂದು ಗ್ರಾಫ್ ಮೊದಲೇ ಹೇಳಿತ್ತು, ತರ್ಕಕ್ಕೆ ಸೋಲೆಂಬುದಿಲ್ಲ ಎಂದು ಶುರುಮಾಡಿದರು. ಗದ್ದೆಮ್ಮ ಕೋಲೂರಿಕೊಂಡು ಬಂದು, ಬಗ್ಗಿ, ಅಂಗಳದ ಎರಡು ಚುಕ್ಕಿಗಳನ್ನು ನೋಡಿದರು.

“ಒಬ್ಬಾವ ನನ್ನ ಮಗ ಅಂತ ತಿಳೀತು. ಈ ಇನ್ನೊಬ್ಬಾವ ಯಾರ ಮಗ ಅನ್ನೂದನ್ನ ನಿನ್ನ ತರ್ಕದಾಗ ನೋಡಿ ಹೇಳಪ.”